ಅಂಗೈಯಗಲ ಖಾಲಿ ಜಾಗ

ಕಚೇರಿಯ ಕಕ್ಕಸು ತೊಳೆಯುವವಳು ಸೊಸೆ. ಆ ಕಕ್ಕಸಿಗೆ ಹೋಗುವ ಹಾಗಿಲ್ಲದವಳೂ ಅವಳೇ.

ಬೆಳಿಗ್ಗೆ ಏಳಕ್ಕೆ ಬರುತ್ತಿದ್ದಳು. ಕೆಳಗೆ ನಾಲ್ಕು ಕಕ್ಕಸು, ಉದ್ದನೆಯ ಪಡಸಾಲೆ, ಆರು ಕೋಣೆ. ಮೇಲೆ ಮೀಟಿಂಗ್ ಹಾಲ್. ಪಂಪು ಕೆಟ್ಟು ವರ್ಷವಾಗಿತ್ತು, ನೀರು ಮೇಲೆ ಏರುತ್ತಿರಲಿಲ್ಲ. ಎರಡು ಕೈಗೆ ಎರಡು ಬಕೀಟು ಹಿಡಿದು ನಲವತ್ತೊಂದು ಮೆಟ್ಟಿಲು ಹತ್ತಬೇಕು. ದಿನಕ್ಕೆ ಎಂಟು ಸಲ. ಫಿನಾಯಿಲ್ ಬೆರಳ ಸಂದಿಯ ಚರ್ಮವನ್ನು ತಿಂದುಹಾಕಿತ್ತು. ಉಪ್ಪು ಮುಟ್ಟಿದರೆ ಉರಿಯುತ್ತಿತ್ತು. ತನಗೆ ಅವಸರವಾದರೆ ಹಿಂದಿನ ಗೋಡೆ ದಾಟಿ ಪೊದೆಯ ಮರೆಗೆ ಹೋಗುತ್ತಿದ್ದಳು. ಹೋಗಬೇಡ ಎಂದು ಯಾರೂ ಬೋರ್ಡು ಹಾಕಿರಲಿಲ್ಲ. ಒಂದು ಸಲ ಅವಳು ಒಳಗಿನಿಂದ ಬಂದದ್ದನ್ನು ಕಂಡ ಗುಮಾಸ್ತ ಮೂಗಿಗೆ ಕರವಸ್ತ್ರ ಹಿಡಿದು, ಅವಳಿಂದಲೇ ಎರಡು ಸಲ ತೊಳೆಸಿದ್ದ. ಅಷ್ಟು ಸಾಕಾಗಿತ್ತು.

ಸೊಸೆ ಅನ್ನುವುದು ಅವಳ ಹೆಸರಲ್ಲ. ಮದುವೆಯಾಗಿ ಗುಡ್ಡದ ಹಟ್ಟಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಬಂದ ದಿನ ಯಾರೋ ಸೊಸೆ ಅಂದರು, ಅದೇ ಅಂಟಿಕೊಂಡಿತು. ಅವಳ ಮಗಳ ಓರಗೆಯ ಮಕ್ಕಳೂ ಅವಳನ್ನು ಸೊಸೆ ಅಂತಲೇ ಕೂಗುತ್ತವೆ. ಇನ್ನು ಮೊಮ್ಮಕ್ಕಳೂ ಹಾಗೇ ಕರೆಯುತ್ತವೆ ನೋಡು ಎಂದು ಗಂಡನ ಹತ್ತಿರ ಹೇಳಿ ನಗುತ್ತಿದ್ದಳು. ನಗುವಿನ ಕೆಳಗೆ ಮುಳ್ಳಿತ್ತು. ಸೊಸೆ ಅಂದರೆ ಹೊರಗಿನಿಂದ ಬಂದವಳು. ಹೊರಗಿನವರಿಗೆ ಹಟ್ಟಿಯವರು ಎಲ್ಲವನ್ನೂ ಹೇಳುವುದಿಲ್ಲ. ಅವರು ಇಷ್ಟು ದಿನ ಬದುಕಿ ಉಳಿದದ್ದೇ ಹೇಳದೆ.

ಕಚೇರಿಗೆ ಬಲು ಉದ್ದನೆಯ ಹೆಸರಿತ್ತು. ಓದಿ ಮುಗಿಸುವಷ್ಟರಲ್ಲಿ ಬಸ್ಸು ಮುಂದಿನ ನಿಲ್ದಾಣದಲ್ಲಿರುತ್ತಿತ್ತು. ಮೂಲನಿವಾಸಿ, ಸುಸ್ಥಿರ, ಸಹಭಾಗಿತ್ವ, ಅಭಿವೃದ್ಧಿ, ಇಂಥವೆಲ್ಲ ಆ ಬೋರ್ಡಿನಲ್ಲಿ ಸಾಲಾಗಿ ನಿಂತಿದ್ದವು. ಹಟ್ಟಿಯವರು ಪ್ಲಾನ್ ಆಫೀಸು ಅನ್ನುತ್ತಿದ್ದರು. ಹೊರಗಿನಿಂದ ದೊಡ್ಡವರು ಬಂದ ದಿನ ಗುಮಾಸ್ತ ಸೊಸೆಯ ಕೈಯಿಂದ ಕಸಬರಿಗೆ ಕಿತ್ತು ಬಾಗಿಲ ಹಿಂದೆ ನಿಲ್ಲಿಸುತ್ತಿದ್ದ. ಮುಖ ತೊಳೆದುಕೊಂಡು ಬಂದು ಮುಂದೆ ಕೂರು ಅನ್ನುತ್ತಿದ್ದ. ಕೂರುತ್ತಿದ್ದಳು. ಫೋಟೋ ಹೊಡೆಯುತ್ತಿದ್ದರು. ಆ ಅರ್ಧ ಗಂಟೆ ಅವಳು ಸಮುದಾಯ. ಕಾರು ಹೊರಟ ಮೇಲೆ ಮತ್ತೆ ಕಸದವಳು. ಚಹಾದ ಲೋಟ ಎತ್ತಿ, ಬಿಸ್ಕತ್ತಿನ ಚೂರು ಗುಡಿಸಿ, ತಾನು ಕೂತಿದ್ದ ಜಾಗವನ್ನೂ ಒರೆಸುತ್ತಿದ್ದಳು.

ಎಂಟು ತಿಂಗಳ ಹಿಂದೆ ಆ ಆಫೀಸಿಗೆ ಹೊಸ ಮೇಡಂ ಬಂದರು. ಒಳ್ಳೆಯ ಹೆಂಗಸು. ಅದೇ ತೊಂದರೆಯಾಯಿತು. ಕೆಟ್ಟವರು ಬಂದರೆ ಏನು ಮಾಡಬೇಕು ಅಂತ ಹಟ್ಟಿಗೆ ಗೊತ್ತಿತ್ತು. ಈಕೆ ನೆಲದ ಮೇಲೆ ಕೂತರು. ಮಕ್ಕಳ ಹೆಸರು ಕೇಳಿ ನೆನಪಿಟ್ಟುಕೊಂಡರು. ಸೊಸೆಯನ್ನು ಅಕ್ಕ ಅಂದರು. ಇಲ್ಲಿಯವರೆಗೆ ಎಲ್ಲರೂ ನಿಮಗೋಸ್ಕರ ಪ್ಲಾನ್ ಮಾಡಿದರು, ಈ ಸಲ ನಿಮ್ಮ ಅಜ್ಜ ಮುತ್ತಜ್ಜಂದಿರ ನೆಲಕ್ಕೆ ನೀವೇ ಪ್ಲಾನ್ ಮಾಡಿ, ನಾವು ಬರೆದುಕೊಳ್ಳುತ್ತೇವೆ, ಅಷ್ಟೇ ಎಂದರು.

ಮೀಟಿಂಗ್ ಹಾಲಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುಡ್ಡ ಬರೆಸಿದರು. ಹಟ್ಟಿಯ ನಲವತ್ತು ಜನ ಸುತ್ತ ಕೂತರು. ಮೇಡಂ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಕಾಳು ತಂದಿದ್ದರು. ಕೆಂಪು ಕಾಳು ಮನೆಗಳಿಗೆ. ಬಿಳಿ ಕಾಳು ನೀರಿಗೆ. ಕಪ್ಪು ಕಾಳು ಹೊಟ್ಟೆಗೆ ಏನಾದರೂ ಸಿಗುವ ಜಾಗಕ್ಕೆ. ಎಲ್ಲರೂ ಹೇಳಿ, ಅಕ್ಕ ಇಡುತ್ತಾರೆ ಎಂದು ಡಬ್ಬಿಯನ್ನು ಸೊಸೆಯ ಕೈಗೆ ಕೊಟ್ಟರು.

ಅವಳ ಬೆನ್ನ ಹಿಂದೆ ಅತ್ತೆ ಕೂತಿದ್ದಳು. ಹಟ್ಟಿಗೆಲ್ಲ ಅವಳು ಹಾರೆ ಅಜ್ಜಿ. ಎದೆಯೆತ್ತರದ ಕಬ್ಬಿಣದ ಹಾರೆಯನ್ನು ಊರುಗೋಲಿನ ಹಾಗೆ ಹಿಡಿದುಕೊಂಡೇ ಓಡಾಡುತ್ತಾಳೆ. ಮಲಗುವಾಗಲೂ ಪಕ್ಕದಲ್ಲಿರುತ್ತದೆ. ಮಾವ ಸತ್ತ ಮೇಲೆ ಅವನ ಜಾಗಕ್ಕೆ ಹಾರೆ ಬಂತು ಅಂತ ಹೆಂಗಸರು ಚೇಷ್ಟೆ ಮಾಡುತ್ತಾರೆ. ಅಜ್ಜಿ ಸುಮ್ಮನಿರುವವಳಲ್ಲ. ಅವನಿಗಿಂತ ಇದು ವಾಸಿ, ಗೊರಕೆ ಹೊಡೆಯಲ್ಲ ಅನ್ನುತ್ತಾಳೆ.

ಅಜ್ಜಿ ಯಾರನ್ನೂ ನಂಬುವುದಿಲ್ಲ. ನಂಬಿ ನೋಡಿಯಾಗಿತ್ತು. ಒಬ್ಬ ಬಂದು ಜೇನು ಕಟ್ಟುವ ಮರಗಳು ಯಾವುವು ಅಂತ ಕೇಳಿದ. ಹೇಳಿದರು. ಮರುವರ್ಷ ಆ ಮರಗಳನ್ನು ಹರಾಜು ಹಾಕಿದರು. ಇನ್ನೊಬ್ಬ ಬಂದು ಬೇಸಿಗೆಯಲ್ಲೂ ಬತ್ತದ ಒರತೆ ಎಲ್ಲಿದೆ ಅಂದ. ತೋರಿಸಿದರು. ಆರು ತಿಂಗಳಲ್ಲಿ ಒರತೆಗೆ ಪೈಪು ಬಿತ್ತು. ಪೈಪು ಕೆಳಗಿನ ಅತಿಥಿಗೃಹಕ್ಕೆ ಹೋಯಿತು. ಹಟ್ಟಿಯ ಹೆಂಗಸರು ಪೈಪಿನ ಜೋಡಣೆ ಸೋರುವ ಕಡೆ ಬಿಂದಿಗೆ ಇಟ್ಟು ಕಾಯುವಂತಾಯಿತು.

ಉಳಿದದ್ದು ಒಂದೇ. ಗುಡ್ಡದ ಬೆನ್ನಿನ ಕಡೆಯ ಇಳಿಜಾರು. ನೋಡುವವರಿಗೆ ಬರೀ ಮುಳ್ಳುಪೊದೆ, ಕಲ್ಲು. ಅದಕ್ಕೆ ಹೆಸರೂ ಇಟ್ಟಿರಲಿಲ್ಲ. ಹೆಸರಿಟ್ಟರೆ ಯಾರಾದರೂ ಕೇಳಿಸಿಕೊಳ್ಳುತ್ತಾರೆ. ಆಚೆ ಹೋಗಿ ಬರ್ತೀನಿ ಅನ್ನುತ್ತಿದ್ದರು. ಕೇಳಿದವರು ಹೊಟ್ಟೆ ಕೆಟ್ಟಿರಬೇಕು ಅಂದುಕೊಂಡು ಮುಖ ತಿರುಗಿಸುತ್ತಿದ್ದರು. ಯಾರೂ ಹಿಂದೆ ಬರುತ್ತಿರಲಿಲ್ಲ. ಅಜ್ಜಿಗೆ ಇದಕ್ಕಿಂತ ಒಳ್ಳೆಯ ಬೇಲಿ ಬೇಕಿರಲಿಲ್ಲ.

ಆ ಮುಳ್ಳಿನ ಕೆಳಗೆ ಗೆಡ್ಡೆಗಳಿದ್ದವು. ಬಳ್ಳಿ ದಾರದಷ್ಟು ಸಣ್ಣದು, ಗೆಡ್ಡೆ ತೊಡೆಯಷ್ಟು ದಪ್ಪ. ಕೆಲಸ ತಪ್ಪಿದ ತಿಂಗಳು, ಅಂಗಡಿಯವನು ಬಾಗಿಲು ಹಾಕಿದ ತಿಂಗಳು ಹಟ್ಟಿ ತಿಂದದ್ದು ಅದನ್ನೇ. ಅಗೆಯುವುದು ಸುಲಭವಲ್ಲ. ಮುಳ್ಳಿನೊಳಗೆ ಹೊಟ್ಟೆಯ ಮೇಲೆ ತೆವಳಬೇಕು. ಮಲಗಿಕೊಂಡೇ ಹಾರೆ ಹಾಕಬೇಕು. ಗುಂಡಿ ಭುಜದ ಆಳಕ್ಕೆ ಹೋಗುತ್ತದೆ, ಕೆನ್ನೆ ಮಣ್ಣಿಗೆ ಒತ್ತುತ್ತದೆ, ಕೈ ಕತ್ತಲಲ್ಲಿ ತಡಕುತ್ತದೆ. ಗೆಡ್ಡೆಯನ್ನು ಪೂರ್ತಿ ಕೀಳಬಾರದು. ಬಳ್ಳಿಯ ಬುಡದ ತಲೆಯನ್ನು ಉಳಿಸಿ ಮತ್ತೆ ಗುಂಡಿಯಲ್ಲಿ ಕೂರಿಸಬೇಕು. ಮಣ್ಣು ಮುಚ್ಚಿ, ಅಂಗೈಯಿಂದ ಸವರಿ ಸಮ ಮಾಡಿ, ಮೇಲೆ ಒಣ ಎಲೆ ಉದುರಿಸಿ ಹಿಂದೆ ಹಿಂದೆ ಸರಿಯಬೇಕು. ಯಾರೋ ಬಂದಿದ್ದರು ಅನ್ನುವ ಗುರುತೇ ಇರಬಾರದು. ಎರಡು ವರ್ಷಕ್ಕೆ ಅದೇ ಗುಂಡಿಯಲ್ಲಿ ಮತ್ತೆ ಗೆಡ್ಡೆ.

ಸೊಸೆಗೆ ಆಚೆಯ ದಾರಿ ತೋರಿಸಿದ್ದು ಮದುವೆಯಾಗಿ ಎಂಟನೆಯ ವರ್ಷ. ಮೂರು ಹೆತ್ತ ಮೇಲೆ. ಒಂದು ಬೆಳಿಗ್ಗೆ ಅಜ್ಜಿ ಹಾರೆಯನ್ನು ಅವಳ ಕೈಗಿಟ್ಟು ನಡಿ ಅಂದಳು. ಅಷ್ಟೇ. ಆ ದಿನ ಮುಳ್ಳಿನಡಿ ಮಲಗಿಕೊಂಡು ಸೊಸೆ ಅತ್ತಳು. ಮಣ್ಣು ಕಣ್ಣಿಗೆ ಬಿತ್ತು ಅಂತ ಸುಳ್ಳು ಹೇಳಿದಳು.

ಇಂಥ ಜಾಗಕ್ಕೆ ಕಪ್ಪು ಕಾಳು ಇಡುವ ಹೊತ್ತು ಬಂದಾಗ ಬೆನ್ನಿಗೆ ಹಾರೆಯ ತುದಿ ಒತ್ತಿತು. ತಣ್ಣಗೆ. ಒತ್ತುವ ಮೊದಲೇ ಅವಳ ಕೈ ಪಕ್ಕಕ್ಕೆ ಸರಿದಿತ್ತು. ಅನುಮಾನ ಬಾರದಿರಲಿ ಅಂತ ಎದುರಿನ ಬೋಳು ಬಂಡೆಯ ಮೇಲೆ ಹದಿನೈದು ಕಾಳು ಸುರಿದಳು. ಅಲ್ಲಿ ಓತಿಕ್ಯಾತವೂ ಉಪವಾಸ ಬೀಳುತ್ತದೆ. ನಲವತ್ತು ಜನರೂ ಹೂಂಗುಟ್ಟಿದರು. ಮೇಡಂ ಕಾಳುಗಳನ್ನು ನೋಡಿ ಹಾಳೆಯ ಮೇಲೆ ಬರೆದುಕೊಂಡರು. ಸಭೆ ಮುಗಿದ ಮೇಲೆ ಕಾಳು ಗುಡಿಸಿದವಳು ಸೊಸೆಯೇ. ಗುಡಿಸುವಾಗ ನೋಡಿದಳು. ಇಡೀ ಗುಡ್ಡದ ಮೇಲೆ ಅಂಗೈಯಗಲ ಒಂದು ಜಾಗ ಖಾಲಿ. ಒಳಗೊಳಗೇ ಬೀಗಿದಳು. ಕಾಳುಗಳನ್ನು ಆರಿಸಿ, ಒರೆಸಿ, ಡಬ್ಬಿಗೆ ತುಂಬಿ, ಉಗ್ರಾಣದ ಮೇಲಿನ ಹಲಗೆಯ ಮೇಲಿಟ್ಟಳು.

ಆ ಹೆಮ್ಮೆ ಏಳು ತಿಂಗಳು ಬಾಳಿತು.

ಪುಸ್ತಕಗಳು ಪೆಟ್ಟಿಗೆಗಳಲ್ಲಿ ಬಂದವು. ಹನ್ನೊಂದು ಪೆಟ್ಟಿಗೆ. ಹೊರುವವಳು ಯಾರು, ಅವಳೇ. ಒಂದೊಂದನ್ನೇ ತಲೆಯ ಮೇಲಿಟ್ಟುಕೊಂಡು ನಲವತ್ತೊಂದು ಮೆಟ್ಟಿಲು ಹತ್ತಿದಳು. ಆರನೆಯದರ ಹೊತ್ತಿಗೆ ಕತ್ತಿನ ನರ ಹಿಡಿದುಕೊಂಡಿತು. ಒಂಬತ್ತನೆಯದರ ತಳ ಒಡೆದು ಪುಸ್ತಕಗಳು ಮೆಟ್ಟಿಲ ಮೇಲೆ ಜಾರಿದವು. ಎತ್ತಲು ಬಗ್ಗಿದವಳು ಹಾಗೇ ನಿಂತಳು. ಪ್ರತಿ ಪುಸ್ತಕದ ಮೇಲೂ ಅವಳದೇ ಮುಖ. ಕೈಯಲ್ಲಿ ಕಾಳು. ಬಾಯಲ್ಲಿ ನಗು. ಅಷ್ಟು ಹೊತ್ತಿನಿಂದ ತನ್ನನ್ನು ತಾನೇ ಹೊರುತ್ತಿದ್ದಳು.

ಓದು ಅವಳಿಗೆ ಅಷ್ಟಕ್ಕಷ್ಟೇ. ಮಗಳು ಪಾಠ ಬರೆಯುವಾಗ ಪಕ್ಕದಲ್ಲಿ ಕೂತು ಕಲಿತದ್ದು. ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದಳು. ನಮ್ಮ ನೆಲ, ನಮ್ಮ ಯೋಜನೆ. ಪುಟ ತಿರುಗಿಸಿದಳು. ನಕ್ಷೆ ಸಿಕ್ಕಿತು. ಬೋಳು ಬಂಡೆಗೆ ಹಳದಿ ಬಣ್ಣ ಬಳಿದು ಸಾಂಪ್ರದಾಯಿಕ ಆಹಾರ ವಲಯ, ಸಂರಕ್ಷಿಸಬೇಕು ಎಂದು ಬರೆದಿದ್ದರು. ಇನ್ನೊಂದು ಹೊತ್ತಿನಲ್ಲಾದರೆ ಬಿದ್ದು ಬಿದ್ದು ನಗುತ್ತಿದ್ದಳು. ಅಂಗೈಯಗಲ ಖಾಲಿ ಜಾಗದ ಮೇಲೆ ಹಸಿರು ಗೆರೆಗಳಿದ್ದವು. ಕೆಳಗೆ ಬರೆದದ್ದನ್ನು ಮೂರು ಸಲ ಓದಿದಳು. ಬಳಕೆಯಲ್ಲಿಲ್ಲದ ಪಾಳು ಭೂಮಿ. ಸಮುದಾಯವೇ ಗುರುತಿಸಿದ್ದು. ಹಸಿರು ನೆಡುತೋಪು. ತಂತಿ ಬೇಲಿ. ಪ್ರವೇಶವಿಲ್ಲ.

ಆ ಮಧ್ಯಾಹ್ನ ದೊಡ್ಡ ಸಾಹೇಬರ ಕೋಣೆಯ ಮೇಜು ಒರೆಸುತ್ತಿದ್ದಾಗ ಸಾಹೇಬರು ಫೋನಿನಲ್ಲಿದ್ದರು. ಕಸದವಳ ಎದುರಿಗೆ ಯಾರೂ ಮಾತು ತಗ್ಗಿಸುವುದಿಲ್ಲ. ಮೇಜಿಗೆ ಕಿವಿಯಿದ್ದರೂ ಇವಳಿಗಿಲ್ಲ ಅನ್ನುವ ಹಾಗೆ. ಬೇರೆಲ್ಲೂ ಕೈಯಿಡೋಕಾಗಲ್ಲ, ಎಲ್ಲ ಕಡೆ ಕಾಳು ಇಟ್ಟು ಕೂತಿದಾರೆ, ಇದೊಂದನ್ನ ಮಾತ್ರ ಅವರೇ ಖಾಲಿ ಬಿಟ್ಟಿದಾರೆ, ನಮ್ಮ ಪುಣ್ಯ ಎಂದು ಸಾಹೇಬರು ನಕ್ಕರು. ಗುರುವಾರ ಸಭೆ, ಕೈ ಎತ್ತಿಸಿಬಿಡೋಣ, ಸೋಮವಾರ ಪೊದೆ ತೆಗೆಯೋ ಮಷೀನು ಕಳಿಸಿ ಎಂದರು.

ಸೊಸೆಯ ಕೈ ಮೇಜಿನ ಮೇಲೆ ಒಂದೇ ಕಡೆ ಸುತ್ತುತ್ತಿತ್ತು. ಅಷ್ಟು ಹೊಳಪು ಬಂದಿದೆಯಲ್ಲ, ಸಾಕು ಬಿಡು ಎಂದರು ಸಾಹೇಬರು.

ಒಂದು ಪುಸ್ತಕವನ್ನು ಹೊಟ್ಟೆಗೆ ಕಟ್ಟಿಕೊಂಡು ಹಟ್ಟಿಗೆ ಬಂದಳು. ಅಜ್ಜಿ ಅಂಗಳದಲ್ಲಿ ಕೂತು ಹಾರೆಯ ಮೊನೆಯನ್ನು ಕಲ್ಲಿಗೆ ತಿಕ್ಕುತ್ತಿದ್ದಳು. ಪಕ್ಕದಲ್ಲಿ ಗಂಡನ ಅಣ್ಣ ಬೀಡಿ ಸೇದುತ್ತಿದ್ದ. ಅವನನ್ನು ಎಲ್ಲರೂ ಹೌದಪ್ಪ ಅನ್ನುತ್ತಾರೆ. ಯಾರು ಏನು ಹೇಳಿದರೂ ಹೌದಪ್ಪ ಅನ್ನುವುದೇ ಅವನ ಬದುಕು. ಅದಕ್ಕೇ ಆಫೀಸಿನವರು ಅವನನ್ನು ಹಟ್ಟಿಯ ಪ್ರತಿನಿಧಿ ಮಾಡಿದ್ದರು. ಸೊಸೆ ಪುಟ ಬಿಚ್ಚಿ ಹಸಿರು ಗೆರೆಗಳ ಮೇಲೆ ಬೆರಳಿಟ್ಟಳು. ಏನಾಯಿತು ಅಂತ ಹೇಳಿದಳು. ಆಚೀಚೆ ಮನೆಯವರೂ ಬಂದು ನಿಂತರು.

ಕಲ್ಲಿನ ಸದ್ದು ನಿಂತಿತು. ಅಜ್ಜಿ ಪುಸ್ತಕ ನೋಡಲಿಲ್ಲ, ಸೊಸೆಯ ಮುಖ ನೋಡಿದಳು.

"ಯಾರು ಹೇಳಿದ್ದು ಅವರಿಗೆ?"

ಎಲ್ಲರ ಕಣ್ಣೂ ಒಂದೇ ಕಡೆ ಇದ್ದವು. ಆಫೀಸಿನ ಚಹಾ ಕುಡಿಯುವವಳು ಇವಳೊಬ್ಬಳೇ ಅಂತ ಹಿಂದಿನಿಂದ ಯಾರೋ ಅಂದರು. ಪುಸ್ತಕದ ಮೇಲೆ ಯಾರ ಮುಖ ಇದೆ ನೋಡಿ ಅಂತ ಇನ್ನೊಬ್ಬರು. ಹೌದಪ್ಪ ಎಂದ ಹೌದಪ್ಪ.

ಇಪ್ಪತ್ತೆರಡು ವರ್ಷ ಒಂದೇ ಗಳಿಗೆಯಲ್ಲಿ ಕೊಚ್ಚಿಹೋಯಿತು. ಮೂರು ಹೆತ್ತದ್ದು, ಗುಂಡಿಯಲ್ಲಿ ಕೆನ್ನೆ ಒತ್ತಿ ಮಲಗಿದ್ದು, ಮುಳ್ಳು ಮುರಿದು ಭುಜದಲ್ಲೇ ಉಳಿದದ್ದು. ಸೊಸೆಗೆ ಅಳು ಬರಲಿಲ್ಲ. ಸಿಟ್ಟು ಬಂತು.

"ನಾನು ಹೇಳಿಲ್ಲ ಅತ್ತೆ. ಯಾರೂ ಹೇಳಿಲ್ಲ. ಹೇಳದೇ ಇದ್ದದ್ದಕ್ಕೇ ಹೋಗ್ತಿರೋದು. ನಾವೇ ಖಾಲಿ ಬಿಟ್ಟಿದೀವಿ ಅಂತ ಬರ್ಕೊಂಡಿದಾರೆ."

"ಹಾಗಾದ್ರೆ ಹೋಗಿ ತೋರಿಸ್ತೀಯಾ?"

"ತೋರಿಸದಿದ್ರೆ ಸೋಮವಾರ ಮಷೀನು ಬರುತ್ತೆ."

"ತೋರಿಸಿದ್ರೆ ಮಂಗಳವಾರ ಬರುತ್ತೆ," ಅಂದಳು ಅಜ್ಜಿ. ಮತ್ತೆ ಹಾರೆ ತಿಕ್ಕತೊಡಗಿದಳು.

ಮರುದಿನ ಸೊಸೆ ಎಂಟು ಸಲ ನೀರು ಹೊತ್ತಳು. ಒಂಬತ್ತನೆಯ ಸಲ ಬಕೀಟು ಕೆಳಗಿಟ್ಟು ಮೇಡಂ ಕೋಣೆಯ ಬಾಗಿಲಲ್ಲಿ ನಿಂತಳು. ಮೇಡಂ ಒಳಗೆ ಕರೆದರು. ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ. ಆ ಹಸಿರು ಗೆರೆ ಎಳೆದ ಕಡೆ ನಾವು ಹೋಗುತ್ತೇವೆ, ಅದು ಪಾಳಲ್ಲ, ಅಷ್ಟನ್ನೇ ಹೇಳಿದಳು. ಇನ್ನೊಂದು ಮಾತು ಹೇಳಲಿಲ್ಲ.

ಮೇಡಂ ಮುಖ ಸಣ್ಣದಾಯಿತು. ನಿಜವಾಗಿಯೂ ನೊಂದುಕೊಂಡ ಹಾಗೆ ಕಂಡಿತು.

"ಮೊದಲೇ ಹೇಳಬಾರದಿತ್ತಾ ಅಕ್ಕ? ನಾನು ನಿಮ್ಮ ಪರ ತಾನೇ ಇರೋದು. ಈಗಲೂ ಹೊತ್ತು ಮೀರಿಲ್ಲ. ನಾವಿಬ್ಬರೇ ಹೋಗೋಣ. ಸಣ್ಣ ಮಷೀನು ಒಂದಿದೆ, ನಿಂತ ಜಾಗ ಅದೇ ಬರ್ಕೊಳ್ಳುತ್ತೆ. ಯಾವ ಗೆಡ್ಡೆ, ಎಷ್ಟು ಆಳ, ಯಾವ ತಿಂಗಳು, ಎಲ್ಲ ದಾಖಲೆ ಆದ್ರೆ ಯಾರೂ ಮುಟ್ಟೋಕಾಗಲ್ಲ."

ಮೇಡಂ ಪೆನ್ನಿನ ಮುಚ್ಚಳ ತೆಗೆದರು.

ಗೆಡ್ಡೆ ಅಂತ ಸೊಸೆ ಹೇಳಿರಲಿಲ್ಲ. ಊಹಿಸಿರಬಹುದು. ಎಲ್ಲೋ ಓದಿರಬಹುದು. ಯಾರಾದರೂ ಹೇಳಿರಬಹುದು. ಹಟ್ಟಿಯಲ್ಲಿ ಯಾರು? ಹೌದಪ್ಪ ಬಾವ? ಗೆಡ್ಡೆ ಇರಬೇಕಲ್ಲ ಅಂತ ಯಾರಾದರೂ ಕೇಳಿದ್ದರೆ ಅವನು ಏನು ಹೇಳಿರುತ್ತಾನೆ ಅಂತ ಬೇರೆ ಹೇಳಬೇಕೇ. ಅಥವಾ ಮೇಡಂಗೆ ಮೊದಲಿನಿಂದಲೂ ಗೊತ್ತಿತ್ತೇ? ನೆಲದ ಮೇಲೆ ಕೂತದ್ದು, ಅಕ್ಕ ಅಂದದ್ದು, ಮಕ್ಕಳ ಹೆಸರು, ಎಲ್ಲ ಇದೊಂದು ಪೆನ್ನಿನ ಮುಚ್ಚಳಕ್ಕಾಗಿಯೇ?

"ಸೌದೆಗೆ ಹೋಗ್ತೀವಿ ಮೇಡಂ," ಅಂದಳು. "ಬರೀ ಸೌದೆಗೆ."

ಹೊರಗೆ ಬಂದು ಬಕೀಟು ಎತ್ತಿಕೊಂಡಳು. ಬಕೀಟು ಗೋಡೆಗೆ ತಗಲಿ ನೀರು ಮೆಟ್ಟಿಲ ಮೇಲೆಲ್ಲ ಚೆಲ್ಲಿತು. ಅದನ್ನೂ ಅವಳೇ ಒರೆಸಿದಳು.

ಗುರುವಾರ ಹತ್ತಕ್ಕೆ ಸಭೆ. ಸೊಸೆ ಆರಕ್ಕೇ ಬಂದು ಹಾಲ್ ಗುಡಿಸಿದಳು, ಎರಡು ಸಲ ಒರೆಸಿದಳು, ಮುಂದುಗಡೆ ಹದಿನೆಂಟು ಕುರ್ಚಿ ಹಾಕಿದಳು, ಹಿಂದುಗಡೆ ಜಮಖಾನ ಹಾಸಿದಳು. ಕುರ್ಚಿಯಲ್ಲಿ ಯಾರು, ಜಮಖಾನದ ಮೇಲೆ ಯಾರು ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ. ಹಟ್ಟಿಯವರು ಬಂದು ಜಮಖಾನದ ಮೇಲೆ ಕೂತರು. ಅವಳ ಪಕ್ಕದಲ್ಲಿ ಯಾರೂ ಕೂರಲಿಲ್ಲ. ನಡುವೆ ಇಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದರು. ಅಜ್ಜಿ ಕೂತದ್ದು ಅವಳ ಹಿಂದೆ. ಗುಮಾಸ್ತ ಕಸಬರಿಗೆ ಕಿತ್ತು ಬಾಗಿಲ ಹಿಂದೆ ನಿಲ್ಲಿಸಿದ. ಗೋಡೆಯ ಮೇಲೆ ದೊಡ್ಡ ಹಾಳೆಯಲ್ಲಿ ನಕ್ಷೆ ತೂಗುತ್ತಿತ್ತು, ಬಾಗಿಲಷ್ಟು ಎತ್ತರ.

ಸಾಹೇಬರು ಅರ್ಧ ಗಂಟೆ ಮಾತಾಡಿದರು. ಇದು ನಮ್ಮ ಯೋಜನೆಯಲ್ಲ, ನಿಮ್ಮದು, ಒಂದು ಗೆರೆಯನ್ನೂ ನಾವು ಹಾಕಿಲ್ಲ ಎಂದರು. ಒಪ್ಪಿಗೆ ಇದ್ದವರು ಕೈ ಎತ್ತಿ ಎಂದರು. ಹೌದಪ್ಪ ಮೊದಲು ಎತ್ತಿದ. ಜಮಖಾನದ ಮುಂದಿನ ಸಾಲಿನವರು ಅವನನ್ನು ನೋಡಿ ಎತ್ತಿದರು. ಹಿಂದಿನವರು ಮುಂದಿನವರನ್ನು ನೋಡಿ ಎತ್ತಿದರು. ಕ್ಯಾಮೆರಾ ಎರಡು ಸಲ ಮಿನುಗಿತು. ಯಾರದಾದರೂ ವಿರೋಧ ಇದೆಯಾ ಎಂದು ಸಾಹೇಬರು ಕಾಗದ ಮಡಚುತ್ತಲೇ ಕೇಳಿದರು. ಅದು ಬರೆದುಕೊಂಡು ಬಂದ ಪ್ರಶ್ನೆ. ಉತ್ತರ ಬೇಕಿರಲಿಲ್ಲ.

"ಇದೆ," ಅಂದಳು ಸೊಸೆ.

ಎದ್ದು ನಿಂತಿದ್ದಳು. ಬೆನ್ನಿಗೆ ಹಾರೆ ಒತ್ತುತ್ತದೆ ಅಂತ ಕಾದಳು. ಒತ್ತಲಿಲ್ಲ.

"ಆ ಜಾಗ ಖಾಲಿ ಅಲ್ಲ. ಕಾಳು ಇಡದೇ ಇದ್ದವಳು ನಾನು. ಬೇಕು ಅಂತಲೇ ಇಡಲಿಲ್ಲ."

ಸಾಹೇಬರು ಮೇಡಂ ಕಡೆ ನೋಡಿ, ಮತ್ತೆ ಇವಳ ಕಡೆ ತಿರುಗಿದರು. ಮೊನ್ನೆ ಸೌದೆಗೆ ಅಂತ ಹೇಳಿದೆಯಂತಲ್ಲ ಎಂದರು. ಸೊಸೆ ಮೇಡಂ ಮುಖ ನೋಡಿದಳು. ಮೇಡಂ ತಮ್ಮ ಪುಸ್ತಕ ನೋಡುತ್ತಿದ್ದರು.

"ಅದೂ ಸುಳ್ಳು," ಅಂದಳು.

"ಅಂದ್ರೆ ನೀವೆಲ್ಲ ಸೇರಿ ಸುಳ್ಳು ನಕ್ಷೆ ಕೊಟ್ಟಿದೀರಿ. ಹಾಗಾದ್ರೆ ಮಿಕ್ಕಿದ್ದೂ ಸುಳ್ಳಿರಬೇಕಲ್ಲ. ಒರತೆನೂ ಸುಳ್ಳಾ? ನಿಮ್ಮ ಮನೆಗಳೂ ಸುಳ್ಳಾ?"

ಕುರ್ಚಿಗಳು ನಕ್ಕವು. ಸಾಹೇಬರು ಕೈ ಎತ್ತಿ ನಗು ನಿಲ್ಲಿಸಿದರು. ದೊಡ್ಡ ಮನಸ್ಸು ಮಾಡಿದವರ ಹಾಗೆ ದನಿ ಇಳಿಸಿದರು.

"ಸರಿ. ಏನಿದೆ ಅಲ್ಲಿ, ಹೇಳು. ಹೇಳಿದ್ರೆ ಬಿಟ್ಟುಬಿಡ್ತೀವಿ."

"ಹೇಳಲ್ಲ."

"ಯಾಕೆ?"

"ಜೇನಿನ ಮರ ಹೇಳಿದ್ವಿ, ಹೋಯ್ತು. ಒರತೆ ಹೇಳಿದ್ವಿ, ಹೋಯ್ತು. ಇದನ್ನ ಹೇಳಲಿಲ್ಲ, ಇದೂ ಹೋಗ್ತಿದೆ. ನಾವು ಬಾಯಿ ಬಿಟ್ರೂ ನಿಮ್ಮದೇ, ಮುಚ್ಚಿದ್ರೂ ನಿಮ್ಮದೇ. ಇನ್ನು ಯಾವ ಬಾಯಲ್ಲಿ ಹೇಳೋದು?"

ಹೇಳಿ ಹೊರಗೆ ನಡೆದಳು. ಹೆದರಿ ಓಡಿದಳು ಅಂದುಕೊಂಡರು. ಗುಮಾಸ್ತ ಮುಸಿಮುಸಿ ನಕ್ಕ. ಅವಳು ಉಗ್ರಾಣಕ್ಕೆ ಹೋಗಿ, ತುದಿಗಾಲಲ್ಲಿ ನಿಂತು, ಮೇಲಿನ ಹಲಗೆಯಿಂದ ಬಿಸ್ಕತ್ತಿನ ಡಬ್ಬಿ ಇಳಿಸಿದಳು. ತಾನೇ ಆರಿಸಿ ಒರೆಸಿ ಇಟ್ಟದ್ದು. ವಾಪಸು ಬಂದು ಗೋಡೆಯ ಮೇಲಿನ ನಕ್ಷೆಗೆ ಕೈ ಹಾಕಿದಳು. ಮೊಳೆಯಿಂದ ಕಿತ್ತು ನೆಲದ ಮೇಲೆ ಹಾಸಿದಳು. ಯಾರೋ ಏಯ್ ಅಂದರು. ಮಂಡಿಯೂರಿ ಕೂತಳು. ಕಣ್ಣು ಮುಚ್ಚಿದಳು. ಡಬ್ಬಿ ಬೋರಲು ಹಾಕಿದಳು.

ಕೆಂಪು, ಬಿಳಿ, ಕಪ್ಪು, ಎಲ್ಲ ಒಟ್ಟಿಗೆ. ಸುರಿದ ಸದ್ದು ಹಾಲ್ ತುಂಬ ಕೇಳಿಸಿತು. ಕಣ್ಣು ಮುಚ್ಚಿಕೊಂಡೇ ಎರಡೂ ಅಂಗೈಯಿಂದ ಕಾಳುಗಳನ್ನು ಸವರಿದಳು. ಗುಂಡಿ ಮುಚ್ಚಿದ ಮೇಲೆ ಮಣ್ಣು ಸವರುವ ಹಾಗೆ. ಈ ಅಂಚಿನಿಂದ ಆ ಅಂಚಿಗೆ. ಬಂಡೆಯ ಮೇಲೆ, ಮನೆಗಳ ಮೇಲೆ, ಹಳದಿಯ ಮೇಲೆ, ಹಸಿರಿನ ಮೇಲೆ. ಕೈ ಎಲ್ಲೂ ನಿಲ್ಲಲಿಲ್ಲ. ಎಲ್ಲೂ ಗುರುತು ಬಿಡಲಿಲ್ಲ. ಕಣ್ಣು ತೆರೆದಾಗ ಒಂದು ಬೆರಳಿನಷ್ಟು ಜಾಗವೂ ಖಾಲಿ ಇರಲಿಲ್ಲ.

"ಈಗ ಬರ್ಕೊಳ್ಳಿ," ಅಂದಳು. "ಎಲ್ಲ ಕಡೆ ಇದೀವಿ. ಎಲ್ಲಿ ಏನು ಸಿಗುತ್ತೆ ಅಂತ ಹೇಳಲ್ಲ. ಇದೇ ನಮ್ಮ ಪ್ಲಾನು."

ಸಾಹೇಬರ ಕಿವಿ ಕೆಂಪಾಯಿತು. ಅವಳನ್ನು ನೋಡಲಿಲ್ಲ. ಕಾಳುಗಳ ಕಡೆ ಬೆರಳು ತೋರಿಸಿದರು.

"ಗುಡಿಸು."

ಸೊಸೆ ಮಂಡಿಯ ಮೇಲೇ ಇದ್ದಳು. ಅವಳ ಕೈ ಬಾಗಿಲ ಹಿಂದಿನ ಕಸಬರಿಗೆಯ ಕಡೆ ತಾನಾಗಿಯೇ ಎದ್ದಿತು. ಆರು ವರ್ಷದ ರೂಢಿ. ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು.

"ಗುಡಿಸಲ್ಲ."

ಸಾಹೇಬರು ಗುಮಾಸ್ತನ ಕಡೆ ನೋಡಿದರು. ಗುಮಾಸ್ತ ತನ್ನ ಚಪ್ಪಲಿ ನೋಡಿಕೊಂಡ. ಹೌದಪ್ಪನ ಕಡೆ ನೋಡಿ, ನೀವಾದ್ರೂ ಬುದ್ಧಿ ಹೇಳಿ, ಇದು ತಪ್ಪು ತಾನೇ ಎಂದರು. ಹೌದಪ್ಪನ ಬಾಯಿ ತೆರೆಯಿತು. ಹಾಗೇ ಮುಚ್ಚಿತು. ಎತ್ತಿದ್ದ ಕೈಯನ್ನು ಅವನು ಇಳಿಸುವುದನ್ನೇ ಮರೆತಿದ್ದ. ಈಗ ಇಳಿಸಿದ. ಅವನನ್ನು ನೋಡಿ ಮುಂದಿನ ಸಾಲು ಇಳಿಸಿತು. ಮುಂದಿನವರನ್ನು ನೋಡಿ ಹಿಂದಿನವರು ಇಳಿಸಿದರು. ಹಾರೆ ಅಜ್ಜಿ ಎದ್ದು ಬಂದಳು. ಸೊಸೆಯ ಪಕ್ಕದಲ್ಲಿ, ನಕ್ಷೆಯ ಅಂಚಿನ ಮೇಲೆ ಕೂತಳು. ಹಾರೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು.

ಬಾಗಿಲ ಹಿಂದೆ ಕಸಬರಿಗೆ ನಿಂತೇ ಇತ್ತು. ಅದನ್ನು ಯಾವ ಕಡೆಯಿಂದ ಹಿಡಿಯುವುದು ಅಂತ ಕುರ್ಚಿಗಳಲ್ಲಿದ್ದ ಹದಿನೆಂಟು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಸಭೆ ಮುಂದಕ್ಕೆ ಹೋಯಿತು. ಸೋಮವಾರದ ಮಷೀನು ಬರುವುದಿಲ್ಲ ಎಂದರು. ಮುಂದಿನ ಸಭೆ ಯಾವಾಗ ಅಂತ ತಿಳಿಸುತ್ತೇವೆ ಎಂದರು. ನಾಳೆಯಿಂದ ನೀನು ಬರಬೇಡ ಅಂತ ಗುಮಾಸ್ತ ಮೆಟ್ಟಿಲ ಬಳಿ ಸೊಸೆಗೆ ಹೇಳಿದ. ಅವಳು ತಲೆಯಾಡಿಸಿ ಕೆಳಗಿಳಿದು, ಕಕ್ಕಸಿನ ಬಾಗಿಲು ತೆರೆದು ಒಳಗೆ ಹೋದಳು. ಹೊರಗೆ ಸಾಲು ಬೆಳೆಯಿತು. ಆರಾಮಾಗಿ ಬಂದಳು. ತೊಳೆಯಲಿಲ್ಲ.

ಹಟ್ಟಿಯವರು ಮುಂದೆ ಹೋಗಿದ್ದರು. ಅತ್ತೆ ಸೊಸೆ ಇಬ್ಬರೇ ಹಿಂದೆ ಉಳಿದರು. ಬಿಸಿಲು ನೆತ್ತಿಯಿಂದ ಇಳಿದಿತ್ತು. ಅಜ್ಜಿ ಹಾರೆ ಊರಿಕೊಂಡು ನಡೆಯುತ್ತಿದ್ದಳು. ಮೋರಿ ದಾಟಿದ ಮೇಲೆ ಬಾಯಿ ಬಿಟ್ಟಳು.

"ನೀನು ಸುರಿದಾಗ ಆ ಮೇಡಂ ಕಾಳು ನೋಡ್ತಿರಲಿಲ್ಲ ಕಣೇ. ನಿನ್ನ ಕಣ್ಣು ನೋಡ್ತಿದ್ಲು. ಎಲ್ಲಿ ನಿಲ್ಲುತ್ತೆ ಅಂತ."

"ಗೊತ್ತಿತ್ತು ಅತ್ತೆ. ಅದಕ್ಕೇ ಮುಚ್ಚಿಕೊಂಡಿದ್ದೆ."

ಅಜ್ಜಿ ನಿಂತಳು. ಮೇಲಿಂದ ಕೆಳಗೆ ಒಂದು ಸಲ ಸೊಸೆಯನ್ನು ನೋಡಿದಳು. ಎಂಟು ವರ್ಷ ಕಾಯಿಸಿದ್ದು ಜಾಸ್ತಿಯಾಯ್ತು ಅಂತ ತನಗೆ ತಾನೇ ಹೇಳಿಕೊಂಡ ಹಾಗಿತ್ತು. ಹಾರೆಯನ್ನು ಅವಳ ಕೈಗೆ ಕೊಟ್ಟು, ಹಿಡ್ಕೋ, ಭುಜ ನೋಯ್ತಿದೆ ಅಂದಳು. ಅವಳು ಹಾಗೆ ಅಂದದ್ದನ್ನು ಹಟ್ಟಿಯಲ್ಲಿ ಯಾರೂ ಕೇಳಿರಲಿಲ್ಲ.

ಹಿಂದೆ ಆಫೀಸಿನ ಜೀಪಿನ ಸದ್ದು ಕೇಳಿಸಿತು. ಇಬ್ಬರೂ ತಿರುಗಿ ನೋಡಲಿಲ್ಲ. ದಾರಿ ಬಿಟ್ಟು ಅಂಚಿಗೆ ಸರಿದರು. ಜೀಪು ಮುಂದೆ ಹೋಗಲಿಲ್ಲ. ಅವರು ನಿಂತರೆ ಅದೂ ನಿಂತಿತು. ನಡೆದರೆ ಅದೂ ಉರುಳಿತು, ನಿಧಾನವಾಗಿ, ಆಳು ನಡೆಯುವ ವೇಗದಲ್ಲಿ.

ಗುಡ್ಡದ ಬುಡದಲ್ಲಿ ದಾರಿ ಎರಡಾಗುತ್ತದೆ. ಹಟ್ಟಿಯೂ ಆಚೆಯೂ ಎಡಕ್ಕೆ. ಬಲಕ್ಕೆ ಹೋದರೆ ಬೋಳು ಬಂಡೆ. ಸೊಸೆಯ ಕಾಲು ಸೋತಿದ್ದವು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಮಗಳು ಬಂದು ಬಾಗಿಲಲ್ಲಿ ಕಾಯುತ್ತಿರುತ್ತಾಳೆ.

ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಬಲಕ್ಕೆ ತಿರುಗಿದರು. ಜೀಪೂ ತಿರುಗಿತು.